ಆರ್ಡಿಸ್ ಅತ್ತೆಯ ಹಳದಿ ದೋಣಿ

ನನ್ನ ಅತ್ತೆ ಆರ್ಡಿಸ್ ಬೆಲಾಂಜೆಗೆ ಮೆಲ್ಲಗೆ ಮಾತಾಡುವುದು ಬರುತ್ತಿರಲಿಲ್ಲ. ದೋಣಿಯ ಇಂಜಿನ್ನಿನ ಸದ್ದನ್ನು ಮೀರಿಸಿ ಕೂಗಿ ಕೂಗಿ ಅವಳ ಗಂಟಲು ಹಾಗೇ ಆಗಿಹೋಗಿತ್ತು. ಚರ್ಚಿನಲ್ಲಿ ಪಕ್ಕದವಳ ಕಿವಿಯಲ್ಲಿ ಏನಾದರೂ ಗುಟ್ಟು ಹೇಳಲು ಬಗ್ಗಿದಳೆಂದರೆ ಪಾದ್ರಿಗಳು ಓದುವುದನ್ನು ನಿಲ್ಲಿಸಿ, ಆ ಗುಟ್ಟು ಮುಗಿಯುವವರೆಗೆ ಕಾಯುತ್ತಿದ್ದರು. ನಾವೆಲ್ಲ ಅದನ್ನು ಹೇಳಿಕೊಂಡು ನಗುತ್ತೇವೆ. ಆದರೆ ಅವಳು ಹುಟ್ಟಿ ಬೆಳೆದದ್ದು ಪಿಸುಮಾತಿನ ಮನೆಯಲ್ಲಿ.

ಅವಳ ಅಪ್ಪ, ಅಂದರೆ ನನ್ನ ತಾತ ಇಸಿಡೋರ್, ಶೀಶೀಬ್ ಕೊಲ್ಲಿಯ ಮೀನುಗಾರ. ನಾವು ಗಿಚಿಗಮಿ ಎನ್ನುವ ಮಹಾಸರೋವರದ ದಕ್ಷಿಣ ದಂಡೆಯಲ್ಲಿ, ಅಮೆರಿಕದ ಮೂಲನಿವಾಸಿಗಳಾದ ನಮ್ಮ ಓಜಿಬ್ವೆ ಜನ ಎಷ್ಟು ತಲೆಮಾರಿನಿಂದ ಬಲೆ ಹಾಕುತ್ತಿದ್ದರೋ ಬಲ್ಲವರಿಲ್ಲ. ಆದರೂ ತಾತನ ಕಾಲಕ್ಕೆ ಅದು ಕಳ್ಳತನವೆನಿಸಿಕೊಂಡಿತ್ತು. ರಾಜ್ಯದ ಕಾನೂನಿನ ಪ್ರಕಾರ ಪರವಾನಗಿ ಬೇಕು, ಪರವಾನಗಿ ನಮ್ಮಂಥವರಿಗೆ ಸಿಗದು, ಸಿಕ್ಕರೂ ಬಲೆಗೆ ನಿಷೇಧ. ರಜೆಗೆ ಬರುವ ಪೇಟೆಯ ಸಾಹೇಬರು ಗಾಳ ಹಾಕಿ ಟ್ರೌಟ್ ಮೀನು ಹಿಡಿದು ಅದರ ಜೊತೆ ಫೋಟೋ ತೆಗೆಸಿಕೊಳ್ಳಬಹುದು. ತಾತ ಅದೇ ಮೀನನ್ನು ಮಕ್ಕಳ ತಟ್ಟೆಗೆ ಹಾಕಿದರೆ ಮೀನು, ಬೇಟೆ ಕಾಯುವ ಸರ್ಕಾರಿ ವಾರ್ಡನ್ ಬಂದು ಬಾಗಿಲು ತಟ್ಟುತ್ತಿದ್ದ.

ಹಾಗಾಗಿ ತಾತ ಮಂಜು ಮುಸುಕಿದ ದಿನ, ಮಳೆಯ ದಿನ ನೋಡಿಕೊಂಡು ನೀರಿಗಿಳಿಯುತ್ತಿದ್ದ. ದೋಣಿಗೆ ಬೂದಿ ಬಣ್ಣ ಬಳಿದಿದ್ದ, ಮಂಜಿನೊಳಗೆ ಕರಗಿಹೋಗಲಿ ಎಂದು. ಹಿಡಿದ ಮೀನನ್ನು ದಂಡೆಯಿಂದ ಮನೆಗೆ ತರುವ ಕೆಲಸ ಆರ್ಡಿಸ್ ಅತ್ತೆಯದು. ಬೆತ್ತದ ಬುಟ್ಟಿಯಲ್ಲಿ ಕೆಳಗೆ ಮೀನು, ಮೇಲೆ ಒದ್ದೆ ಬಟ್ಟೆ. ಒಮ್ಮೆ ದಾರಿಯಲ್ಲಿ ವಾರ್ಡನ್ ಎದುರಾಗಿ, "ಬುಟ್ಟಿ ಭಾರ ಕಾಣುತ್ತೆ, ಕೊಡಮ್ಮ, ನಾನು ಎತ್ಕೊಂಡು ಬರ್ತೀನಿ" ಅಂದನಂತೆ. ಆಗಿನ್ನೂ ಲಂಗ ಹಾಕುವ ವಯಸ್ಸು ಅವಳಿಗೆ. ಕಣ್ಣು ಮಿಟುಕಿಸದೆ, "ಬೇಡ, ಇದರಲ್ಲಿ ಅಮ್ಮನ ಒಳಬಟ್ಟೆ ಇದೆ" ಎಂದಳಂತೆ. ಆ ಮನುಷ್ಯ ಕಿವಿಯವರೆಗೂ ಕೆಂಪಾಗಿ ರಸ್ತೆಯ ಆಚೆ ಬದಿಗೆ ಹೋಗಿಬಿಟ್ಟನಂತೆ. ಅತ್ತೆ ಈ ಕಥೆ ಹೇಳುವಾಗ ಎಲ್ಲರೂ ನಗುತ್ತಿದ್ದರು, ಅವಳೊಬ್ಬಳು ನಗುತ್ತಿರಲಿಲ್ಲ.

ತಾತನಿಗೆ ಒಪ್ಪಂದದ ಮಾತು ಬಾಯಿಪಾಠವಾಗಿತ್ತು. 1854ರಲ್ಲಿ ನಮ್ಮ ಹಿರಿಯರು ಅಮೆರಿಕದ ಸರ್ಕಾರದೊಂದಿಗೆ ಕೂತು ನೆಲ ಬಿಟ್ಟುಕೊಟ್ಟಾಗ ಅವನ ಅಜ್ಜ ಅಲ್ಲಿದ್ದವನು. ನೆಲ ತಗೊಳ್ಳಿ, ಬೇಟೆ, ಮೀನು ನಮ್ಮವಾಗಿಯೇ ಇರುತ್ತವೆ ಎಂದು ಹೇಳಿಯೇ ಹಿರಿಯರು ಸಹಿಗೆ ಲೇಖನಿ ಮುಟ್ಟಿದ್ದು. ತಾತ ಇದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದ, ಬಾಗಿಲು ಹಾಕಿಕೊಂಡು, ತಗ್ಗಿದ ದನಿಯಲ್ಲಿ.

ಅತ್ತೆ ಕ್ಲಿಫರ್ಡ್ ಬೆಲಾಂಜೆಯನ್ನು ಮದುವೆಯಾದಳು. ಅವನು ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ನವೆಂಬರಿನ ಬಿರುಗಾಳಿಗೆ ಸಿಕ್ಕ ಆ ಹಡಗು ಬಂದರಿಗೆ ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅತ್ತೆ ತವರಿಗೆ ಬಂದಳು, ಅಪ್ಪನ ಬೂದಿ ದೋಣಿ ಹತ್ತಿದಳು. ಹೆಂಗಸು ಬಲೆ ಎಳೆಯುವುದನ್ನು ಕಂಡು ಮೊದಮೊದಲು ಊರವರು ಆಡಿಕೊಂಡರು. ಅವಳು ತರುವ ಮೀನು ಕಂಡ ಮೇಲೆ ಸುಮ್ಮನಾದರು. ಶಾಲೆ ಮುಗಿಸಿದ ಮೇಲೆ ನಾನೂ ಅವಳ ದೋಣಿಯಲ್ಲಿ ಕೆಲಸಕ್ಕೆ ನಿಂತೆ. ಅವಳು ಬಲೆ ಎತ್ತುವಳು, ನಾನು ಮೀನು ಬಿಡಿಸುವವನು. ಹೊರಡುವ ಮುನ್ನ ಚಿಟಿಕೆ ಹೊಗೆಸೊಪ್ಪನ್ನು ನೀರಿಗೆ ಹಾಕಿ ಏನೋ ಅನ್ನುವಳು. ಏನು ಅನ್ನುತ್ತೀಯ ಎಂದು ಕೇಳಿದರೆ, "ನಿನಗೆ ಹೇಳಿದ್ದಲ್ಲವಲ್ಲ, ಹಗ್ಗ ಬಿಚ್ಚು" ಎನ್ನುವಳು.

1967ರ ಚಳಿಗಾಲದಲ್ಲಿ ತಾತ ಹಾಸಿಗೆ ಹಿಡಿದ. ಕೊನೆಯ ದಿನ ಮಧ್ಯಾಹ್ನ ನಾವೆಲ್ಲ ಸುತ್ತ ಕೂತಿದ್ದೆವು. ಬೆಳಗಿನಿಂದ ಕಣ್ಣು ಬಿಟ್ಟಿರಲಿಲ್ಲ, ಯಾರನ್ನೂ ಗುರುತಿಸಿರಲಿಲ್ಲ. ಹೊರಗೆ ಹಿಮದ ಮೇಲೆ ಕಾರೊಂದು ಬಂದು ನಿಂತ ಸದ್ದಾಯಿತು. ಪಾದ್ರಿಗಳ ಕಾರು. ತಾತನಿಗೆ ಅದು ತಿಳಿಯಲಿಲ್ಲ. ಕಣ್ಣು ಬಿಟ್ಟು, ಅತ್ತೆಯ ಮಣಿಕಟ್ಟು ಹಿಡಿದು, "ಮೀನು ಬಚ್ಚಿಡು" ಅಂದ.

ಅದೇ ಅವನ ಕೊನೆಯ ಮಾತು.

ಹೆಣದ ಪೆಟ್ಟಿಗೆಯ ಮುಂದೆ ಅತ್ತೆ ಅಳಲಿಲ್ಲ. ಮಣ್ಣು ಮಾಡಿ ಬಂದು ಎಲ್ಲರೂ ಕಾಡಕ್ಕಿ ಸಾರು ಕುಡಿಯುತ್ತಿದ್ದಾಗ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಎಂಬತ್ತು ವರ್ಷ ಬದುಕಿದ ಮನುಷ್ಯ. ಹೋಗುವಾಗ ದೇವರ ಹೆಸರು ಹೇಳ್ಲಿಲ್ಲ, ಅಮ್ಮನ ಹೆಸರು ಹೇಳ್ಲಿಲ್ಲ."

ಐಸು ಕರಗಿದ ಕೂಡಲೇ ಪೇಟೆಗೆ ಹೋಗಿ ಬಣ್ಣದ ಡಬ್ಬಿ ತಂದಳು. ಮೊಟ್ಟೆಯೊಳಗಿನ ತಿರುಳಿನಂಥ ಹಳದಿ. ಇಡೀ ದೋಣಿಗೆ ಅದನ್ನೇ ಬಳಿದಳು. ಎರಡೂ ಬದಿಗೆ ಕಪ್ಪು ಅಕ್ಷರದಲ್ಲಿ ತನ್ನ ಹೆಸರು ಬರೆಸಿದಳು. ಬರೆದವನು ನಾನೇ, ಅಕ್ಷರ ಸಣ್ಣದಾಯಿತೆಂದು ಅಳಿಸಿ ಮತ್ತೆ ಬರೆಸಿದಳು.

ನನ್ನ ಅಪ್ಪ ಎಮರಿ ಅವಳಿಗೆ ಅಣ್ಣ. ರಾಜ್ಯದ ರಸ್ತೆ ಇಲಾಖೆಯಲ್ಲಿ ಕೆಲಸ ಅವನಿಗೆ. ದೋಣಿ ನೋಡಲು ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇದೇನೇ ಇದು? ಬಾತುಕೋಳಿ ಮರಿ ಮಾಡಿಟ್ಟಿದ್ದೀಯ."

"ದೂರದಿಂದ ಕಾಣಬೇಕು."

"ಯಾರಿಗೆ?"

"ಎಲ್ಲರಿಗೂ."

"ಆರ್ಡಿಸ್, ನನ್ನ ಮಾತು ಕೇಳು. ಅಪ್ಪ ಕದ್ದು ತಂದೇ ನಮ್ಮನ್ನ ಸಾಕ್ಲಿಲ್ವಾ? ನೀನೂ ಹಾಗೇ ತಾ. ಯಾರು ಬೇಡ ಅಂದ್ರು? ಹಗಲು ಹೊತ್ತಲ್ಲಿ ಡಂಗುರ ಹೊಡ್ಕೊಂಡು ಹೋಗಿ ಯಾಕೆ ಸಿಕ್ಕಿಹಾಕ್ಕೋತೀಯ?"

"ಅಪ್ಪ ಕದ್ದ ಅಂದ್ಯಲ್ಲ, ಯಾರದನ್ನ ಕದ್ದ? ಹೇಳು ನೋಡೋಣ."

ಅಪ್ಪ ಸೊಂಟದ ಮೇಲಿನ ಕೈ ಇಳಿಸಿದ. "ನನ್ನ ಕೆಲಸಕ್ಕೆ ಸಂಚಕಾರ ತರ್ತೀಯ ನೀನು" ಎಂದು ಹೊರಟುಹೋದ. ಆಮೇಲೆ ಬಹಳ ದಿನ ಅಣ್ಣತಂಗಿ ಮಾತು ಬಿಟ್ಟಿದ್ದರು.

ಮೇ ತಿಂಗಳ ಒಂದು ಭಾನುವಾರ, ಚರ್ಚು ಬಿಟ್ಟ ಹೊತ್ತಿಗೆ, ಬಿಸಿಲು ಚೆಲ್ಲಿದ ನೀರಿನ ಮೇಲೆ ಹಳದಿ ದೋಣಿ ಹೊರಟಿತು. ದಂಡೆಯಲ್ಲಿ ಊರಿಗೆ ಊರೇ ನಿಂತಿತ್ತು. ಹಿಂದಿನ ದಿನ ಬಿಟ್ಟಿದ್ದ ಬಲೆಗಳನ್ನು ಎತ್ತತೊಡಗಿದೆವು. ಬಿಳಿಮೀನು, ನಡುನಡುವೆ ಟ್ರೌಟ್. ಮೂರನೆಯ ಬಲೆ ಅರ್ಧ ಮೇಲೆ ಬರುವಷ್ಟರಲ್ಲಿ ವಾರ್ಡನ್ನಿನ ಮೋಟಾರು ದೋಣಿ ಪಕ್ಕಕ್ಕೆ ಬಂದು ನಿಂತಿತು. ಅವನ ಹೆಸರು ಟಾಲ್ಬರ್ಗ್. ಉದ್ದನೆಯ, ಮಾತು ಕಡಿಮೆಯ ಮನುಷ್ಯ. ನಮ್ಮನ್ನೆಲ್ಲ ಹೆಸರು ಹಿಡಿದು ಬಲ್ಲವನು.

"ಮಿಸೆಸ್ ಬೆಲಾಂಜೆ, ಏನು ಮಾಡ್ತಿದ್ದೀರಿ?"

"ಕುರುಡೇನಪ್ಪ ನಿನಗೆ? ಮೀನು ಹಿಡೀತಿದ್ದೀನಿ."

"ಬಲೆ ಹಾಕೋ ಹಾಗಿಲ್ಲ ಅಂತ ನಿಮಗೆ ಗೊತ್ತು."

"ಗೊತ್ತಿರೋದು ಅದಲ್ಲ. ಒಪ್ಪಂದ ಗೊತ್ತು ನನಗೆ."

ಅವನು ನನ್ನ ಕಡೆ ನೋಡಿದ. "ಇವನೂ ಜೊತೆಗಿದ್ದಾನೆ."

"ಅವನನ್ನ ಬಿಡು. ಬಲೆ ನಂದು, ದೋಣಿ ನಂದು, ಮೀನು ನಂದು. ಇವನು ದೋಣಿ ವಾಲ್ದೇ ಇರ್ಲಿ ಅಂತ ಕೂರಿಸಿಕೊಂಡಿರೋ ಕಲ್ಲು."

ಕಲ್ಲಿನ ಹಾಗೇ ಕೂತಿದ್ದೆ ನಾನು. ಟಾಲ್ಬರ್ಗ್ ಮೀಸೆಯೊಳಗೇ ನಕ್ಕನೆಂದು ನನ್ನ ಗುಮಾನಿ. ನಕ್ಕರೂ ಕೆಲಸ ಬಿಡಲಿಲ್ಲ. ಬಲೆ, ಮೀನು, ದೋಣಿ ಎಲ್ಲವನ್ನೂ ವಶಪಡಿಸಿಕೊಂಡ. ಹಳದಿ ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗುವಾಗ ಅತ್ತೆ ಅದರೊಳಗೇ ಎದೆಯುಬ್ಬಿಸಿ ನಿಂತಿದ್ದಳು, ದಂಡೆಯಲ್ಲಿದ್ದವರಿಗೆ ಕೈ ಬೀಸುತ್ತ. ದೂರದಿಂದ ನೋಡಿದವರಿಗೆ ಅವಳೇ ವಾರ್ಡನ್ನಿನ ದೋಣಿಯನ್ನು ಹಿಂದಿನಿಂದ ಅಟ್ಟುತ್ತಿದ್ದಾಳೆ ಅನ್ನಿಸಿತಂತೆ.

ಹಾರ್ಗ್ರೋವ್ ಪೇಟೆಯ ಸಣ್ಣ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ನಮ್ಮ ಪರ ವಾದಿಸಲು ನಗರದಿಂದ ಒಬ್ಬ ಎಳೆಯ ವಕೀಲ ಬಂದಿದ್ದ, ಹ್ಯಾಡ್ಲಿ ಎಂದು. ಬಡವರ ಕೇಸುಗಳನ್ನು ಬಿಟ್ಟಿಯಾಗಿ ನಡೆಸುತ್ತಿದ್ದವನು. ಒಳ್ಳೆಯ ಹುಡುಗ, ಆದರೆ ಬಂದ ಮೊದಲ ದಿನವೇ ಅತ್ತೆಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ, "ಸರ್ಕಾರ ನಿಮಗೆ ಕೊಟ್ಟಿರೋ ಹಕ್ಕನ್ನ ನಾವು..." ಎಂದು ಶುರು ಮಾಡಿದ. ಅತ್ತೆ ಕೈಯೆತ್ತಿ ತಡೆದಳು.

"ನಿಲ್ಲು ನಿಲ್ಲು. ಕೊಟ್ಟಿದ್ದಲ್ಲ, ನಾವು ಉಳಿಸ್ಕೊಂಡಿದ್ದು. ನಿನ್ನ ಮನೆ ಮಾರ್ತೀಯ, ಹಿತ್ತಿಲ ಬಾವಿ ಮಾತ್ರ ನಂದೇ ಅಂತ ಇಟ್ಕೋತೀಯ. ಮನೆ ಕೊಂಡವನು ಆಮೇಲೆ ಬಂದು, ಬಾವಿ ನಾನು ನಿನಗೆ ದಾನ ಮಾಡಿದ್ದು ಅಂದ್ರೆ ಏನಂತೀಯ?"

ಹ್ಯಾಡ್ಲಿ ಯೋಚಿಸಿದ. "ಬಾಯಿಗೆ ಬಂದಿದ್ದು ಅಂತೀನಿ."

"ಹಾಂ, ಅದನ್ನ ಕೋರ್ಟಿನ ಭಾಷೇಲಿ ಹೇಳು. ಅಷ್ಟೇ ನಿನ್ನ ಕೆಲಸ. ಇನ್ನೊಂದು ಲೋಟ ಕಾಫಿ ಹಾಕ್ಲಾ?"

ಅವನು ಚೆನ್ನಾಗಿಯೇ ಹೇಳಿದ. ಆದರೆ ಆ ಕೋರ್ಟಿನಲ್ಲಿ ಕೇಳುವ ಕಿವಿಗಳಿರಲಿಲ್ಲ. ಸರ್ಕಾರಿ ವಕೀಲ ಅತ್ತೆಯನ್ನು ಕಟಕಟೆಗೆ ಕರೆದು, ನಿಮ್ಮ ಹಿರಿಯರು ತೊಗಟೆಯ ದೋಣಿಯಲ್ಲಿ ಹೋಗುತ್ತಿದ್ದರು, ನಾರಿನ ಬಲೆ ಹೆಣೆಯುತ್ತಿದ್ದರು, ನೈಲಾನ್ ಬಲೆಗೂ ಇಂಜಿನ್ ದೋಣಿಗೂ ಆ ಒಪ್ಪಂದ ಹೇಗೆ ಅನ್ವಯಿಸುತ್ತದೆ ಎಂದು ಕೇಳಿದ.

"ಆಗ ನಿಮ್ಮ ಹಿರಿಯರು ಯಾತರಲ್ಲಿ ಓಡಾಡ್ತಿದ್ರು?" ಅತ್ತೆ ಕೇಳಿದಳು.

"ಪ್ರಶ್ನೆ ಕೇಳೋದು ನಾನು, ಮೇಡಂ."

"ಕುದುರೆ ಗಾಡೀಲಿ ಅಲ್ವಾ? ಹೊರಗೆ ನಿಂತಿರೋ ಆ ನೀಲಿ ಕಾರು ನಿಮ್ದೇ ತಾನೆ? ಅದರಲ್ಲಿ ಬಂದ್ರೆ ನೀವು ವಕೀಲರಲ್ಲ ಅಂತ ನಾನೇನಾದ್ರೂ ಅಂದ್ನಾ?"

ಹಿಂದಿನ ಬೆಂಚುಗಳಲ್ಲಿ ಕೂತಿದ್ದ ನಮ್ಮವರು ಬಿದ್ದುಬಿದ್ದು ನಕ್ಕರು. ನ್ಯಾಯಾಧೀಶರು ಸುತ್ತಿಗೆ ಬಡಿದರು. ನಕ್ಕಿದ್ದಷ್ಟೇ ಲಾಭ. ಅಪರಾಧಿ ಎಂದು ತೀರ್ಪಾಯಿತು. ದಂಡ ಕಟ್ಟು, ಇಲ್ಲವೇ ಒಂದು ತಿಂಗಳು ಜೈಲು. ಊರಿನವರು ದಂಡಕ್ಕೆಂದು ಒಟ್ಟುಮಾಡಲು ಹೊರಟರೆ ಅತ್ತೆ ಕೆಂಡವಾದಳು. "ದಂಡ ಕಟ್ಟಿದ್ರೆ ತಪ್ಪು ಮಾಡ್ದೆ ಅಂತ ನಾನೇ ಒಪ್ಕೊಂಡ ಹಾಗೆ. ಆ ದುಡ್ಡಲ್ಲಿ ಹ್ಯಾಡ್ಲಿನ ಮೇಲಿನ ಕೋರ್ಟಿಗೆ ಕಳಿಸಿ. ನಾನು ಒಳಗೆ ಕೂತಿರ್ತೀನಿ, ಸ್ವಲ್ಪ ಸೊಂಟಕ್ಕೆ ವಿಶ್ರಾಂತಿ ಆಗುತ್ತೆ."

ಹಾರ್ಗ್ರೋವಿನ ಜೈಲು ಎಂದರೆ ಪೊಲೀಸ್ ಅಧಿಕಾರಿ ಶೆರಿಫನ ಮನೆಯ ಹಿಂಭಾಗ. ಹೆಂಗಸರ ಕೋಣೆಯನ್ನು ಎಷ್ಟೋ ವರ್ಷದಿಂದ ಯಾರೂ ಬಳಸಿರಲಿಲ್ಲ. ಅದರಲ್ಲಿ ಆಲೂಗಡ್ಡೆ ಮೂಟೆ ತುಂಬಿದ್ದರು. ಅವನ್ನು ಹೊರಗೆ ಸಾಗಿಸಿ ಮಂಚ ಹಾಕಬೇಕಾಯಿತು. ಕೈದಿಗಳಿಗೆ ಅಡುಗೆ ಮಾಡುವವಳು ಶೆರಿಫನ ಹೆಂಡತಿ ಇಂಗಾ. ಮೊದಲ ಶುಕ್ರವಾರ ಅವಳು ತಂದುಕೊಟ್ಟ ಕರಿದ ಮೀನನ್ನು ಬಾಯಿಗಿಟ್ಟು ಅತ್ತೆ ಕೇಳಿದಳಂತೆ, "ಯಾರಮ್ಮ ಈ ಮೀನು ಕರಿದೋರು?"

"ನಾನೇ. ಯಾಕೆ?"

"ಪಾಪ, ಈ ಮೀನು ಎರಡು ಸಲ ಸತ್ತಿದೆ."

ಇಂಗಾ ಸಿಟ್ಟಾಗಿ ಬೀಗ ಹಾಕಿಕೊಂಡು ಹೋದಳಂತೆ. ಸ್ವಲ್ಪ ಹೊತ್ತಿಗೆ ವಾಪಸು ಬಂದು, "ಸರಿ, ಹಾಗಾದ್ರೆ ಹೇಗೆ ಕರೀಬೇಕು, ತೋರ್ಸು ಬಾ" ಎಂದು ಬೀಗ ತೆಗೆದಳಂತೆ. ಮುಂದಿನ ವಾರ ನಾನು ನೋಡಲು ಹೋದಾಗ ಅತ್ತೆ ಶೆರಿಫನ ಅಡುಗೆಮನೆಯಲ್ಲಿ ಸೆರಗು ಕಟ್ಟಿದವರ ಹಾಗೆ ಏಪ್ರನ್ ಬಿಗಿದು ನಿಂತಿದ್ದಳು. ಮೇಜಿನ ಸುತ್ತ ಶೆರಿಫ್, ಅವನ ಮಕ್ಕಳು, ಕುಡಿದು ಗಲಾಟೆ ಮಾಡಿ ಒಳಗೆ ಬಿದ್ದಿದ್ದ ಇಬ್ಬರು ಮರ ಕಡಿಯುವವರು, ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಬಿಡುಗಡೆಯ ದಿನ ಇಂಗಾ ಬಾಗಿಲವರೆಗೂ ಬಂದಳು. "ಮತ್ತೆ ಬರ್ತೀಯಾ?" ಎಂದು ಕೇಳಿಬಿಟ್ಟು ತಾನೇ ನಾಲಿಗೆ ಕಚ್ಚಿಕೊಂಡಳು.

"ನಿನ್ನ ಗಂಡ ಕರೆದ್ರೆ ಬರ್ದೇ ಇರ್ತೀನಾ?" ಅಂದಳು ಅತ್ತೆ.

ಹೊರಗೆ ರಸ್ತೆಯಲ್ಲಿ ಒಂದು ಹಳೆಯ ಟ್ರಕ್ಕು ಅವಳಿಗಾಗಿ ಕಾಯುತ್ತಿತ್ತು. ನನ್ನ ಅಪ್ಪ ಅದನ್ನು ನಡೆಸಿಕೊಂಡು ಬಂದಿದ್ದ, ರಸ್ತೆ ಇಲಾಖೆಯ ಸಮವಸ್ತ್ರದಲ್ಲೇ, ಪೇಟೆಯವರೆಲ್ಲ ನೋಡುವ ಹಾಗೆ. ಅತ್ತೆ ಹತ್ತಿ ಕೂತಳು. ಊರಿನ ತಿರುವು ಬಂದಾಗ ಅಪ್ಪ ಹೇಳಿದ, "ಹಸಿವಾಗಿದ್ಯಾ? ಹಿಂದೆ ರೊಟ್ಟಿ ಇದೆ, ನಿನ್ನ ಅತ್ತಿಗೆ ಕರಿದು ಕೊಟ್ಟಿದ್ದಾಳೆ."

ಮೇಲಿನ ಕೋರ್ಟುಗಳ ಮೆಟ್ಟಿಲು ಹತ್ತಲು ವರ್ಷಗಳೇ ಹಿಡಿದವು. ಆ ನಡುವೆ ನಾನು ಸೈನ್ಯಕ್ಕೆ ಹೋಗಿ ಬಂದೆ. ಅತ್ತೆಗೆ ದೋಣಿಯಿರಲಿಲ್ಲ; ಪೇಟೆಯ ಮೀನು ಕಾರ್ಖಾನೆಯಲ್ಲಿ ಬೇರೆಯವರು ಹಿಡಿದ ಮೀನಿನ ಹೊಟ್ಟೆ ಸೀಳುವ ಕೆಲಸ ಮಾಡಿದಳು. ಪಕ್ಕದಲ್ಲಿ ನಿಂತ ಬಿಳಿಯ ಹೆಂಗಸರು ಕೆಲವರು, "ನಿಮಗೆಲ್ಲ ಪುಕ್ಕಟೆ ಬೇಕು" ಎಂದು ಚುಚ್ಚುತ್ತಿದ್ದರು. ಕೊಲ್ಲಿಯಲ್ಲಿ ನಮ್ಮ ಹೆಂಗಸರು ಶನಿವಾರ ಶನಿವಾರ ಊಟ ಮಾಡಿ ಬಡಿಸಿ ಕೇಸಿನ ಖರ್ಚು ಹುಟ್ಟಿಸಿದರು. ಸೋಲುತ್ತೇವೆ ಎಂದವರು ಊರಲ್ಲೇ ಬೇಕಾದಷ್ಟು ಜನ ಇದ್ದರು. ಒಂದೊಂದು ದಿನ ಅತ್ತೆಗೂ ಹಾಗೇ ಅನ್ನಿಸುತ್ತಿತ್ತು. ಆ ದಿನಗಳಲ್ಲಿ ಅವಳು ದಂಡೆಗೆ ಬರುತ್ತಿರಲಿಲ್ಲ.

ಕೊನೆಗೆ ರಾಜ್ಯದ ಅತಿ ದೊಡ್ಡ ಕೋರ್ಟು ತೀರ್ಪು ಕೊಟ್ಟಿತು. ಹಳೆಯ ಒಪ್ಪಂದ ಹಳತಾಗಿಲ್ಲ. ಕೊಲ್ಲಿಯ ಮೀನು ಹಿಡಿಯುವ ಹಕ್ಕನ್ನು ಓಜಿಬ್ವೆ ಜನ ಎಂದೂ ಬಿಟ್ಟುಕೊಟ್ಟಿಲ್ಲ. ಆರ್ಡಿಸ್ ಬೆಲಾಂಜೆ ನಿರಪರಾಧಿ. ಹ್ಯಾಡ್ಲಿ ಫೋನು ಮಾಡಿದಾಗ ಸಮುದಾಯ ಭವನದ ಒಂದೇ ಫೋನಿಗೆ ಹತ್ತು ಕಿವಿಗಳು ಅಂಟಿಕೊಂಡಿದ್ದವು. ಅತ್ತೆ ಫೋನು ಕೈಗೆ ತೆಗೆದುಕೊಂಡು, "ಇನ್ನೊಂದ್ಸಲ ಹೇಳು" ಅಂದಳು. ಅವನು ಹೇಳಿದ. "ಇನ್ನೊಂದ್ಸಲ" ಅಂದಳು. ಮೂರನೆಯ ಸಲ ಕೇಳಿದ ಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತಳು. ತಾತನ ಮಣ್ಣಿನ ದಿನ ಅಳದಿದ್ದದ್ದೂ ಸೇರಿ ಬಂದಿರಬೇಕು. ಯಾರೂ ಹತ್ತಿರ ಹೋಗಲಿಲ್ಲ.

ಮರುದಿನ ಅವಳು, ನನ್ನ ಅಪ್ಪ, ನಾನು ಟ್ರಕ್ಕಿನಲ್ಲಿ ಹಾರ್ಗ್ರೋವಿಗೆ ಹೋದೆವು, ದೋಣಿ ಕೇಳಲು. ಟಾಲ್ಬರ್ಗ್ ಇಲಾಖೆಯ ಉಗ್ರಾಣದ ಬಾಗಿಲು ತೆರೆದ. ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಹಳದಿ ದೋಣಿ, ಇಟ್ಟಂತೆಯೇ ಇತ್ತು.

"ಪ್ರತಿ ವರ್ಷ ಇಂಜಿನ್ನಿಗೆ ಎಣ್ಣೆ ಹಾಕ್ತಿದ್ದೆ" ಎಂದ ಅವನು, ನೆಲ ನೋಡುತ್ತ. "ಯಾರೂ ಹೇಳಿರ್ಲಿಲ್ಲ. ಹಾಳಾಗ್ಬಾರ್ದು ಅಂತ."

ಅತ್ತೆ ಟಾರ್ಪಾಲು ಸರಿಸಿ ನೋಡಿದಳು. "ಬಲೆಗಳು?"

ಬಲೆಗಳಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಎಳೆದರೆ ಕೈಗೆ ತುಂಡುತುಂಡಾಗಿ ಬಂದವು. ಅಪ್ಪ, "ಬಿಡೇ, ಇಲ್ಲೇ ಎಸೀಲಿ" ಎಂದ. ಅತ್ತೆ ಒಪ್ಪಲಿಲ್ಲ. "ಟಾಲ್ಬರ್ಗ್, ಇವನ್ನ ಎತ್ಕೊಂಡು ಹೋಗಿದ್ದು ನೀನು. ಎತ್ಕೊಂಡು ಬಂದು ಟ್ರಕ್ಕಿಗೆ ಹಾಕೋನೂ ನೀನೇ." ಅವನು ಟೋಪಿ ತೆಗೆದು ಪಕ್ಕಕ್ಕಿಟ್ಟ. ಒಂದೊಂದೇ ಹೊರೆ ಹೊತ್ತು ತಂದು ಟ್ರಕ್ಕಿನಲ್ಲಿ ಇಳಿಸಿದ. ಸಮವಸ್ತ್ರವೆಲ್ಲ ಇಲಿಯ ಹಿಕ್ಕೆ, ದೂಳು. ಕೊನೆಯ ಹೊರೆ ಇಳಿಸಿದ ಮೇಲೆ ಅತ್ತೆ ಕೈ ಚಾಚಿದಳು. ಅವನು ಕೈ ಕುಲುಕಿದ.

ಆಮೇಲಿನ ಎರಡು ವರ್ಷ ಕೊಲ್ಲಿಯಲ್ಲಿ ಹಬ್ಬ. ದೋಣಿಗಳು ಹೆಚ್ಚಿದವು, ಹುಡುಗರು ಪೇಟೆಯಿಂದ ಊರಿಗೆ ವಾಪಸಾದರು. ಹಾಗೇ ಚಿಂತೆಯೂ ಹೆಚ್ಚಿತು. ಹಿಂದೊಮ್ಮೆ ಕಡಲ ಕಡೆಯಿಂದ ನುಗ್ಗಿಬಂದ ರಕ್ತ ಹೀರುವ ಹಾವುಮೀನಿನಿಂದ ಟ್ರೌಟ್ ಸಂತತಿ ನಾಶವಾಗುವ ಹಂತಕ್ಕೆ ಹೋಗಿ ಈಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಕೊಲ್ಲಿಯ ಬಾಯಲ್ಲಿ ನೀರಡಿ ಒಂದು ಕಲ್ಲುದಿಬ್ಬವಿದೆ. ಶರತ್ಕಾಲದಲ್ಲಿ ಟ್ರೌಟ್ ಮೊಟ್ಟೆಯಿಡಲು ಬರುವುದು ಅಲ್ಲಿಗೆ. ನಮ್ಮ ಬುಡಕಟ್ಟಿನ ಸಭೆ ಸೇರಿ, ಆ ಕಾಲದಲ್ಲಿ ದಿಬ್ಬದ ಸುತ್ತ ಯಾರೂ ಬಲೆ ಹಾಕಬಾರದೆಂದು ನಿಯಮ ಮಾಡಿತು. ಮೊದಲು ಕೈಯೆತ್ತಿದವಳು ಆರ್ಡಿಸ್ ಅತ್ತೆ. ನಿಯಮ ಕಾಯಲು ನಮ್ಮದೇ ವಾರ್ಡನ್ ಬೇಕೆಂದಾಯಿತು. ಸೈನ್ಯದಿಂದ ಬಂದು ಕೆಲಸವಿಲ್ಲದೆ ಕೂತಿದ್ದ ನನ್ನನ್ನು ನೇಮಿಸಿದರು. ಎದೆಗೆ ಬಿಲ್ಲೆ, ಓಡಿಸಲು ಒಂದು ದೋಣಿ ಕೊಟ್ಟರು.

ಮೊದಲ ಶರತ್ಕಾಲದ ಒಂದು ಬೆಳಗ್ಗೆ ದಿಬ್ಬದ ಕಡೆ ಸುತ್ತು ಹಾಕುತ್ತಿದ್ದೆ. ಗಡಿಯ ತೇಲುಪೀಪಾಯಿಗಳ ಒಳಗೆ, ಒಂದು ಮೈಲಿ ದೂರದಿಂದಲೇ ಕಾಣುವ ಹಾಗೆ, ಹಳದಿ ದೋಣಿ ನಿಂತಿತ್ತು.

ತಿರುಗಿ ಹೋಗಿಬಿಡಲೇ ಎನ್ನಿಸಿದ್ದು ನಿಜ. ಹೋಗಲಿಲ್ಲ. ಪಕ್ಕಕ್ಕೆ ಹೋಗಿ ಇಂಜಿನ್ ನಿಲ್ಲಿಸಿದೆ.

"ಮಿಸೆಸ್ ಬೆಲಾಂಜೆ, ನೀವು ಗಡಿ ದಾಟಿದ್ದೀರಿ."

ಅತ್ತೆ ಬಲೆಯಿಂದ ಕಣ್ಣೆತ್ತಿ ನನ್ನನ್ನು, ನನ್ನ ಬಿಲ್ಲೆಯನ್ನು ನೋಡಿದಳು. "ಲೋ ವರ್ನನ್, ಯಾವತ್ತಿಂದ ನಾನು ನಿನಗೆ 'ನೀವು' ಆದೆ?"

"ಕೆಲಸದ ಹೊತ್ತಲ್ಲಿ ಹಾಗೇ ಅನ್ಬೇಕು."

"ಯಾವ ಗಡಿನೋ ದಾಟಿದ್ದೀನಿ ನಾನು? ನೀರು ಇನ್ನೂ ಬೆಚ್ಚಗಿದೆ. ಟ್ರೌಟ್ ಇನ್ನೂ ಬಂದೇ ಇಲ್ಲ. ಬರೀ ಬಿಳಿಮೀನು ಬಿದ್ದಿದೆ, ಬೇಕಾದ್ರೆ ನೋಡು."

"ನೀವೇ ಕೈಯೆತ್ತಿದ ಗಡಿ. ಟ್ರೌಟ್ ಬಂದ್ಮೇಲೆ ಅಂತ ಬರೆದಿಲ್ಲ. ಈ ತಾರೀಖಿನ ಮೇಲೆ ಅಂತ ಬರೆದಿದೆ."

"ನನ್ನ ಬಲೇಲಿ ಮೀನು ಬಿಡ್ಸೋದು ಕಲಿತೋನು ನೀನು!"

"ಹೌದು."

"ನಿನ್ನ ಕಾಪಾಡೋಕೆ ನಿನ್ನನ್ನ ಕಲ್ಲು ಅಂದೆ."

"ಅದೂ ಹೌದು."

ಎರಡು ದೋಣಿಗಳೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಾನು ನನ್ನ ಕೈಯನ್ನು ಅವಳ ಬಲೆಯ ಹಗ್ಗದ ಮೇಲಿಟ್ಟೆ. ಅವಳು ಎಳೆದಳು, ನಾನು ಬಿಡಲಿಲ್ಲ. ಅವಳ ಮುಖ ನಿಧಾನವಾಗಿ ಬದಲಾಯಿತು. ಸಿಟ್ಟು ಎಲ್ಲಿ ಹೋಯಿತೋ.

"ನೆಟ್ಟಗೆ ಹಿಡಿಯೋ" ಅಂದಳು. "ಸಡಿಲ ಬಿಟ್ರೆ ಬಲೆ ಗಂಟಾಗುತ್ತೆ. ಸರಿ, ನೀನು ಆ ಕಡೆ ಎಳಿ, ನಾನು ಈ ಕಡೆಯಿಂದ ಬಿಡ್ತೀನಿ."

ಹಾಗೆ, ಅವಳ ಬಲೆಯನ್ನು ಅವಳ ಸಹಾಯದಿಂದಲೇ ನಾನು ವಶಪಡಿಸಿಕೊಂಡೆ. ಅವಳು ದೋಣಿಯನ್ನು ದಂಡೆಗೆ ತಿರುಗಿಸಿದಳು. ಕಟ್ಟೆಯ ಮೇಲೆ ನಿಂತಿದ್ದ ಇಬ್ಬರು ಬೆಸ್ತರು ಏನಾಯಿತೆಂದು ಕೇಳಿದಾಗ ಅವಳ ಹಳೆಯ ದನಿ ಕೊಲ್ಲಿಗೆಲ್ಲ ಕೇಳಿಸಿತು: "ನಮ್ಮ ವಾರ್ಡನ್ ನನ್ನ ಹಿಡ್ದ ಕಣ್ರೋ! ನಮ್ಮ ಎಮರಿ ಮಗ! ಒಂಚೂರೂ ಬಗ್ಗಲಿಲ್ಲ!"

ಬುಡಕಟ್ಟಿನ ಕೋರ್ಟು ಸಮುದಾಯ ಭವನದಲ್ಲೇ ನಡೆಯಿತು. ನಮ್ಮ ಕೋರ್ಟಿಗೆ ಬಂದ ಮೊದಲ ಮೊಕದ್ದಮೆ ಅದು. ಮೀನಿನ ಹಕ್ಕಿಗೆ ಹೋರಾಡಿದವಳೇ ಸಿಕ್ಕಿಬಿದ್ದಳೆಂದು ಕೇಳಿ ಪೇಟೆಯ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. ಅತ್ತೆ ಚರ್ಚಿಗೆ ಹಾಕುವ ಉಡುಪು ತೊಟ್ಟು ಬಂದಳು. ತಪ್ಪು ಒಪ್ಪುತ್ತೀಯಾ ಎಂದು ಕೇಳಿದ್ದಕ್ಕೆ ತಡವಿಲ್ಲದೆ, "ಒಪ್ತೀನಿ" ಅಂದಳು. ಆ ಶರತ್ಕಾಲ ಮುಗಿಯುವವರೆಗೆ ದೋಣಿ ಕಟ್ಟಿಹಾಕಬೇಕೆಂದು ತೀರ್ಪಾಯಿತು. ರಾಜ್ಯದ ಕೋರ್ಟಿಗೆ ಒಂದು ಬಿಡಿಕಾಸು ಕೊಡದವಳು ಇಲ್ಲಿ ತಲೆಯಾಡಿಸಿ, ಸೀದಾ ದಂಡೆಗೆ ಹೋಗಿ ತಾನೇ ಮುಂದೆ ನಿಂತು ದೋಣಿಯನ್ನು ಮೇಲೆಳೆಸಿದಳು.

ಪತ್ರಿಕೆಯವನು ಹಿಂದೆಯೇ ಬಂದ. "ಇಷ್ಟು ವರ್ಷ ಹೋರಾಡಿದ್ರಿ. ಈಗ ನಿಮ್ಮವರೇ ನಿಮ್ಮನ್ನ ತಡೀತಿದ್ದಾರೆ. ಹಾಗಾದ್ರೆ ನೀವು ಗೆದ್ದಿದ್ದಾದ್ರೂ ಏನು?"

ಅತ್ತೆ ಹಗ್ಗದ ಗಂಟು ಬಿಗಿಯುತ್ತಿದ್ದಳು. "ಇದನ್ನೇ" ಅಂದಳು. ಅವನಿಗೆ ಅರ್ಥವಾಗಲಿಲ್ಲವೆಂದು ಕಂಡು ನನ್ನತ್ತ ಬೆರಳು ತೋರಿಸಿದಳು. "ಫೋಟೋ ನಂದಲ್ಲ, ಇವನ್ದು ತೆಗಿ. ಬಿಲ್ಲೆ ಕಾಣೋ ಹಾಗೆ."

ಆ ಫೋಟೋ ಪತ್ರಿಕೆಯಲ್ಲಿ ಬರಲಿಲ್ಲ. ಪರವಾಗಿಲ್ಲ. ಮುಂದಿನ ಚುನಾವಣೆಯಲ್ಲಿ ಅತ್ತೆಯನ್ನು ಮೀನುಗಾರಿಕೆ ಸಮಿತಿಗೆ ಆರಿಸಿದರು. ಮೊದಲ ಸಭೆಯಲ್ಲೇ ದಿಬ್ಬದ ಗಡಿಯನ್ನು ಇನ್ನೂ ಆಚೆಗೆ ಸರಿಸಬೇಕೆಂದು ಹಟ ಹಿಡಿದಳು. "ನನ್ನಂಥ ಹಟಮಾರಿಗಳು ಇರ್ತಾರೆ. ಅವರು ದಾಟಿದ್ರೂ ಮೀನಿಗೆ ತೊಂದ್ರೆ ಆಗ್ಬಾರ್ದು, ಅಷ್ಟು ಜಾಗ ಬಿಡಿ." ಬೆಸ್ತರೆಲ್ಲ ಗೊಣಗಿದರು. ಗಡಿ ಸರಿಯಿತು. ಕೆಲವು ವರ್ಷಗಳಲ್ಲಿ ಕೊಲ್ಲಿಯ ಟ್ರೌಟ್ ಎಷ್ಟು ಹೆಚ್ಚಿತೆಂದರೆ ರಾಜ್ಯದ ಮೀನು ತಜ್ಞರು ನಮ್ಮ ನಿಯಮ ನೋಡಿಕೊಂಡು ಹೋಗಲು ಬಂದರು. ಅವರಿಗೆ ಊಟ ಬಡಿಸಿದವಳು ಅತ್ತೆಯೇ, ಎರಡೆರಡು ಸಲ, ಬೇಡ ಬೇಡವೆಂದರೂ ಬಿಡದೆ.

1989ರ ವಸಂತದಲ್ಲಿ ಒಳನಾಡಿನ ಕೆರೆಗಳ ನಮ್ಮ ಬಂಧುಗಳು ಒಪ್ಪಂದದ ಹಕ್ಕಿನಿಂದ ಈಟಿ ಹಿಡಿದು ಮೀನಿಗಿಳಿದಾಗ ದಡದಲ್ಲಿ ನೂರಾರು ಬಿಳಿಯರು ಸೇರಿ ಕಲ್ಲು ತೂರುತ್ತಿದ್ದರು, ಕೇಳಲಾಗದ ಮಾತು ಆಡುತ್ತಿದ್ದರು. ಎಪ್ಪತ್ತು ದಾಟಿದ್ದ ಅತ್ತೆ ಒಂದು ದೊಡ್ಡ ಪಾತ್ರೆ ಸಾರು ಮಾಡಿಕೊಂಡು ನನ್ನ ವ್ಯಾನಿನಲ್ಲಿ ಹತ್ತಿ ಕೂತಳು. ಸಂಜೆ ಆ ಕೆರೆಯ ದಡದಲ್ಲಿ ನಮ್ಮ ಹೆಂಗಸರ ಸಾಲಿನಲ್ಲಿ ನಿಂತಳು, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು. ಪೊಲೀಸರ ಹಗ್ಗದ ಆಚೆಯಿಂದ ಒಬ್ಬ ದಪ್ಪನೆಯವನು ಅವಳನ್ನೇ ನೋಡಿ ಅರಚಿದ, "ಏ ಮುದುಕಿ, ಮನೆಗೆ ಹೋಗು!"

"ಮನೇಲೇ ಇದ್ದೀನಪ್ಪ" ಎಂದು ಅತ್ತೆ ಕೂಗಿದ್ದು ಆಚೆ ದಡಕ್ಕೂ ಕೇಳಿಸಿತು. "ನೀನೇ ದಾರಿ ತಪ್ಪಿ ಬಂದ ಹಾಗೆ ಕಾಣುತ್ತೆ. ಸಾರು ಬಿಸಿಯಾಗಿದೆ, ಕುಡಿದು ಹೋಗ್ತೀಯಾ?"

ನಮ್ಮವರು ನಕ್ಕರು, ಅವನ ಪಕ್ಕದಲ್ಲಿದ್ದ ಒಬ್ಬಳೂ ನಕ್ಕಳು. ಅವನು ಅರಚುವುದನ್ನು ನಿಲ್ಲಿಸಲಿಲ್ಲ. ಅತ್ತೆಯೂ ಕದಲಲಿಲ್ಲ. ಈಟಿಯವರು ಮೀನು ತುಂಬಿಕೊಂಡು ದಡಕ್ಕೆ ಬಂದ ಮೇಲೆ ಒಬ್ಬೊಬ್ಬರಿಗೂ ಬಟ್ಟಲು ತುಂಬಿ ಕೊಟ್ಟಳು. ಪಾತ್ರೆ ಬರಿದಾಯಿತು. ಮಾರನೆಯ ಸಂಜೆ ಅದಕ್ಕಿಂತ ದೊಡ್ಡ ಪಾತ್ರೆ ಹುಡುಕಿಕೊಂಡು ಮತ್ತೆ ಹೋದೆವು.